ಸೀತನಿ ಬಿಸಿಯಾಗಿದ್ದದ್ದು ಯಾರಿಗೆ?

ನವೆಂಬರ್ ಮುಗಿದು ಧಾರವಾಡದ ಟ್ರಂಕುಗಳಿಂದ ಸ್ವೆಟರುಗಳು ಹೊರಬೀಳುವ ಹೊತ್ತಿಗೆ ಸರಿಯಾಗಿ ಒಂದು ಬಗೆಯ ಪ್ರಬಂಧಗಳೂ ಹೊರಬೀಳುತ್ತವೆ. ನೀವೂ ಓದಿರುತ್ತೀರಿ. ಮೊದಲ ಪ್ಯಾರಾದಲ್ಲಿ ಮಂಜು, ಎರಡನೆಯದರಲ್ಲಿ ಅಜ್ಜನ ಕಂಬಳಿ. ಆಮೇಲೆ ಚಕ್ಕಡಿ, ಎತ್ತಿನ ಕೊರಳ ಗೆಜ್ಜೆ, ಹೊಲ, ಗಿಡದ ಕೊಂಬೆಗೆ ಕಟ್ಟಿದ ಜೋಕಾಲಿ, ಕುಳ್ಳಿನ ಕೆಂಡದಲ್ಲಿ ಸುಟ್ಟ ಸೀತನಿ. ಮನೆಮಂದಿಯೆಲ್ಲ ನಗುತ್ತಾರೆ. ಕೊನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ಲೇಖಕರ ಕಣ್ಣು ಒದ್ದೆಯಾಗಿ, ಮೊಬೈಲಿನ ಮೇಲೆ ಸಿಟ್ಟು ಬಂದಿರುತ್ತದೆ. ಇಂದಿನ ಮಕ್ಕಳಿಗೆ ಇದೆಲ್ಲ ಎಲ್ಲಿ ಸಿಗಬೇಕು ಎಂದು ನಿಟ್ಟುಸಿರು ಬಿಡುತ್ತಾರೆ. ಪ್ರಬಂಧ ಮುಗಿಯುತ್ತದೆ.

ನನ್ನ ಸಂಶೋಧನೆಯ ವಿಷಯ ಕನ್ನಡದ ಲಲಿತ ಪ್ರಬಂಧ. ಹಾಗಾಗಿ ಇಂಥವನ್ನು ಓದುವುದು ನನಗೆ ರುಚಿಯ ಮಾತಲ್ಲ, ಫೆಲೋಶಿಪ್ಪಿನ ಋಣ. ಎಷ್ಟು ಓದಿದೆನೆಂದು ಎಣಿಸುವುದನ್ನು ಬಿಟ್ಟಿದ್ದೇನೆ. ಇವೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಸುಳ್ಳಾಗಿದ್ದರೆ ಜಗಳ ಸುಲಭವಿತ್ತು. ಮಂಜು ಇತ್ತು, ಕಂಬಳಿ ಇತ್ತು, ನಗುವೂ ಇತ್ತು. ನನ್ನ ತಕರಾರು ಆ ‘ಮನೆಮಂದಿಯೆಲ್ಲ’ ಎಂಬ ಒಂದು ಮಾತಿನ ಮೇಲೆ.

ತಕರಾರು ಹುಟ್ಟಿದ್ದು ಲೈಬ್ರರಿಯಲ್ಲಲ್ಲ. ಎಂ.ಎ. ಎರಡನೆಯ ವರ್ಷದಲ್ಲಿದ್ದಾಗ ನಾನೂ ಅಂಥದೊಂದು ಪ್ರಬಂಧ ಬರೆದಿದ್ದೆ. ಸಿಂದಗಿ ತಾಲ್ಲೂಕಿನ ನಮ್ಮ ನಾಲ್ಕೆಕರೆ ಎರೆ ಹೊಲ, ಎಳ್ಳ ಅಮಾವಾಸ್ಯೆಯ ದಿನ. ಚಕ್ಕಡಿಯಲ್ಲಿ ನಾನು, ತಮ್ಮ, ದೊಡ್ಡಪ್ಪನ ನಾಲ್ಕು ಮಕ್ಕಳು. ಅಪ್ಪ ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ತೊಳೆದಿಟ್ಟು ಸುಣ್ಣ ಬಳಿದು ಪಾಂಡವರನ್ನು ಮಾಡುತ್ತಿದ್ದ. ದೊಡ್ಡಪ್ಪ ಚರಗ ಚೆಲ್ಲುತ್ತ ಹೊಲ ಸುತ್ತುವಾಗ ಹಿಂದೆ ನೀರು ಚಿಮುಕಿಸುತ್ತ ಓಡುವ ಕೆಲಸ ನಮ್ಮದು. ಊಟವಾದ ಮೇಲೆ ಹಕ್ಕಿ ಕಾಯುವ ಅಟ್ಟ ಏರಿ ಕವಣೆ ಬೀಸುವ ಪಂದ್ಯ; ನನ್ನ ಕಲ್ಲೊಂದು ಹಕ್ಕಿಯ ಬದಲು ದೊಡ್ಡಪ್ಪನ ಪಟಗಕ್ಕೆ ಬಡಿದು ರಾದ್ಧಾಂತವಾಗಿತ್ತು. ಸಂಜೆ ಸೀತನಿ. ಕತ್ತಲಾದ ಮೇಲೆ ಚಕ್ಕಡಿಯಲ್ಲಿ ಅಂಗಾತ ಮಲಗಿ ಚುಕ್ಕಿ ಎಣಿಸುತ್ತ ಮನೆಗೆ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು. ಓದಿದವರು ಬೆನ್ನು ತಟ್ಟಿದರು. ರಜೆಗೆ ಊರಿಗೆ ಹೋದಾಗ ಅವ್ವನಿಗೆ ಓದಿ ಹೇಳಿದೆ. ಅವಳು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಪೂರ್ತಿ ಕೇಳಿಸಿಕೊಂಡಳು.

“ಚಂದ ಬರದೀ. ಆದರ ಇದರಾಗ ನಾ ಎಲ್ಲಿ ಅದೀನಿ?”

ಹುಡುಕಿದೆ. ಒಂದು ವಾಕ್ಯದಲ್ಲಿ ಇದ್ದಳು. ‘ಅವ್ವ ಬುತ್ತಿ ಬಿಚ್ಚಿದಳು.’

“ಬಿಚ್ಚಿದ್ದು ಬರದೀ. ಕಟ್ಟಿದ್ದು ಬರದಿಲ್ಲ” ಅಂದಳು. ಬೈದದ್ದಲ್ಲ. ಬೇಳೆಯಲ್ಲಿ ಕಲ್ಲು ಸಿಕ್ಕಾಗ ಹೆಕ್ಕಿ ಬದಿಗೆ ಒಗೆಯುತ್ತಾರಲ್ಲ, ಅಷ್ಟೇ ಸಹಜವಾಗಿ.

ಆಮೇಲೆ ಕಟ್ಟಿದ್ದನ್ನು ಹೇಳಿದಳು. ಅಮಾವಾಸ್ಯೆ ನಿಮಗೆ ಒಂದು ದಿನ, ನನಗೆ ನಾಲ್ಕು ದಿನ ಎಂದು ಶುರು ಮಾಡಿದಳು. ಮೊದಲ ದಿನ ಸಜ್ಜೆ ಹಸನು ಮಾಡಿ ಗಿರಣಿಗೆ ಹೋಗುವುದು, ಶೇಂಗಾ ಹುರಿದು ಸಿಪ್ಪೆ ಹಾರಿಸುವುದು, ಅಗಸಿ ಹಿಂಡಿ, ಶೇಂಗಾ ಹಿಂಡಿ ಕುಟ್ಟುವುದು. ಎರಡನೆಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಒಲೆಯ ಮುಂದೆ ಅವಳು ಬಡಿಯುವುದು, ದೊಡ್ಡವ್ವ ಬೇಯಿಸುವುದು. ಮೂರನೆಯ ದಿನ ಹೋಳಿಗೆಯ ಹೂರಣ. ಹಬ್ಬದ ದಿನ ಕೋಳಿ ಕೂಗುವ ಮೊದಲೇ ಎದ್ದು ಎಣಗಾಯಿ, ಪುಂಡಿಪಲ್ಯ, ಬಜ್ಜಿ, ಕಡುಬು. ಚಕ್ಕಡಿ ತುಂಬ ಮಕ್ಕಳು, ಆದ್ದರಿಂದ ಅವಳೂ ದೊಡ್ಡವ್ವನೂ ಬುಟ್ಟಿ ಹೊತ್ತು ಹೊಲಕ್ಕೆ ನಡೆದೇ ಬಂದದ್ದು. ಚಕ್ಕಡಿಯ ಹಿಂದೆ ಇಬ್ಬರು ಹೆಂಗಸರು ನಡೆದು ಬರುತ್ತಿದ್ದುದು ನನಗೆ ಕಂಡಿತ್ತು. ನೆನಪೂ ಇತ್ತು. ಬರೆಯುವಾಗ ಮಾತ್ರ ಅದು ದೃಶ್ಯ ಅನ್ನಿಸಿರಲಿಲ್ಲ.

ಬಡಿಸುವ ಸರದಿಯೂ ಹಾಗೆಯೇ. ದೇವರಿಗೆ, ಗಂಡಸರಿಗೆ, ಮಕ್ಕಳಿಗೆ, ಆಮೇಲೆ ಬದುವಿನಾಚೆ ಬೇರೆಯಾಗಿ ಕೂತ ಆಳುಮಕ್ಕಳಿಗೆ, ಕೊನೆಗೆ ಇವರಿಬ್ಬರಿಗೆ. (ಬದುವಿನಾಚೆ ಕೂತವರೂ ನನ್ನ ಪ್ರಬಂಧದಲ್ಲಿ ಇರಲಿಲ್ಲ. ವರ್ಷವಿಡೀ ಆ ಹೊಲದಲ್ಲಿ ನಮಗಿಂತ ಹೆಚ್ಚು ದಿನ ಕಳೆದವರು ಅವರು.) ಮತ್ತೆ ಸೀತನಿ. ದಕ್ಷಿಣದ ಓದುಗರಿಗೆ ಒಂದು ಮಾತು ಹೇಳಬೇಕು. ಹಾಲುಗಾಳು ತುಂಬಿ ಇನ್ನೂ ಬಲಿಯದ ಹಿಂಗಾರಿ ಜೋಳದ ತೆನೆಯನ್ನು ಕುಳ್ಳಿನ ಕೆಂಡದ ಬಿಸಿಬೂದಿಯಲ್ಲಿ ಹುದುಗಿಸಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಉದುರಿಸಿಕೊಂಡ ಹಸಿರು ಕಾಳು ಅದು. ವರ್ಷದಲ್ಲಿ ಕೆಲವೇ ದಿನ ಸಿಗುತ್ತದೆ. ಬಿಸಿಯಿದ್ದಾಗ ತಿಂದರೆ ಸಿಹಿ. ಆರಿದರೆ ಆ ಮೆದುವೂ ಇಲ್ಲ, ಆ ಸಿಹಿಯೂ ಇಲ್ಲ. ಸೀತನಿ ಸುಡುವುದು ಗಂಡಸರ ಕೆಲಸ. ವರ್ಷಕ್ಕೊಮ್ಮೆ ಅವರು ಮಾಡುವ ಅಡುಗೆ ಅದೊಂದೇ, ಹೊಗಳಿಕೆಯೆಲ್ಲ ಅದಕ್ಕೇ. ಅವರು ಸುಡುವ ಹೊತ್ತಿಗೆ ಅವ್ವ, ದೊಡ್ಡವ್ವ ಬಾವಿಯ ಹತ್ತಿರ ಭಾಂಡೆ ತಿಕ್ಕುತ್ತಿದ್ದರು. ತೊಳೆದು ಬರುವಷ್ಟರಲ್ಲಿ ಅವರ ಪಾಲಿನದು ಆರಿರುತ್ತಿತ್ತು.

“ಬಿಸಿ ಸೀತನಿ ತಿಂದಿದ್ದು ಲಗ್ನದಕಿಂತ ಮೊದಲು, ತವರಮನ್ಯಾಗ” ಅಂದಳು ಅವ್ವ.

ಇದನ್ನು ಓದಿ, ಸರಿ, ಇದೂ ಒಂದು ಗೋಳಿನ ಪ್ರಬಂಧ ಎಂದು ನೀವು ಪುಟ ಸರಿಸುವ ಮೊದಲು ಮುಂದಿನ ಮಾತು ಕೇಳಿ. ನನಗೂ ಆಗ ಗೋಳೇ ಅನ್ನಿಸಿತ್ತು. ಹಾಗಾದರೆ ನಿನಗೆ ಚಳಿಗಾಲದಲ್ಲಿ ಖುಷಿ ಅನ್ನುವುದೇ ಇರಲಿಲ್ಲವೇನು ಎಂದು ಪಾಪಪ್ರಜ್ಞೆಯಿಂದ ಕೇಳಿದೆ. ಅವಳು ಜೋರಾಗಿ ನಕ್ಕಳು. “ಯಾಕ ಇರಲಿಲ್ಲ? ಹತ್ತಿ ಬಿಡಸಾಕ ಹೋಗತಿದ್ದೆವಲ್ಲ!”

ಹತ್ತಿ ಬಿಡಿಸುವುದು ಕೆಲಸ. ಬೆನ್ನು ನೋಯುವ, ಬೆರಳು ಸಿಗಿಯುವ ಕೆಲಸ. ಆದರೆ ಓಣಿಯ ಆರೇಳು ಹೆಂಗಸರು ಮುಯ್ಯಿ ಹಾಕಿಕೊಂಡು ಇವತ್ತು ಒಬ್ಬರ ಹೊಲಕ್ಕೆ, ನಾಳೆ ಇನ್ನೊಬ್ಬರ ಹೊಲಕ್ಕೆ ಹೋಗುತ್ತಿದ್ದರು. ಅಲ್ಲಿ ಗಂಡಂದಿರಿಲ್ಲ, ಅತ್ತೆಯರಿಲ್ಲ, ಮಕ್ಕಳೂ ಇಲ್ಲ. ಸೆರಗಿನ ಜೋಳಿಗೆಗೆ ಹತ್ತಿ ತುಂಬುತ್ತ ಊರಿನವರನ್ನೆಲ್ಲ ಆಡಿಕೊಂಡು ನಗುವುದು. ಅವ್ವ ಅಪ್ಪನ ನಡಿಗೆಯನ್ನು ಮಾಡಿ ತೋರಿಸುತ್ತಿದ್ದಳಂತೆ. ದೊಡ್ಡವ್ವನಿಗೆ ನಗು ತಡೆಯದೆ ಸಾಲಿನಲ್ಲೇ ಕೂತುಬಿಡುತ್ತಿದ್ದಳಂತೆ. ನಾನು ಹುಟ್ಟಿ ಬೆಳೆದ ಮನೆಯ ಚಳಿಗಾಲದ ಅತ್ಯಂತ ದೊಡ್ಡ ನಗು ಯಾವುದಿತ್ತೋ, ಅದು ನಮ್ಮ ಯಾರ ಮುಂದೆಯೂ ಆಗಿರಲಿಲ್ಲ.

ಆಗ ನನಗೆ ಇನ್ನೊಂದು ನೆನಪಾಯಿತು. ಪುಷ್ಯದ ಒಂದು ನಸುಕಿನಲ್ಲಿ ಅವ್ವ ನನ್ನೊಬ್ಬಳನ್ನೇ ಎಬ್ಬಿಸಿ ಕಡಲೆ ಹೊಲಕ್ಕೆ ಕರೆದುಕೊಂಡು ಹೋಗಿದ್ದಳು. ಹಿಂದಿನ ಸಂಜೆ ಅಪ್ಪನ ಹಳೆ ಧೋತರವನ್ನು ಕಡಲೆ ಗಿಡಗಳ ಮೇಲೆ ಹಾಸಿ ಬಂದಿದ್ದಳು. ಕಡಲೆ ಎಲೆಯಲ್ಲಿ ಹುಳಿ ಒಸರುತ್ತದೆ. ರಾತ್ರಿಯ ಇಬ್ಬನಿ ಅದನ್ನು ಕರಗಿಸಿಕೊಂಡು ಬಟ್ಟೆಗೆ ಇಳಿಯುತ್ತದೆ. ಇಬ್ಬರೂ ಆ ತೊಯ್ದ ಧೋತರದ ಎರಡು ತುದಿ ಹಿಡಿದು ತಂಬಿಗೆಗೆ ಹಿಂಡಿದೆವು. ಹೊಟ್ಟೆನೋವಿಗೆ, ಅಜೀರ್ಣಕ್ಕೆ ಆ ಹುಳಿ ಮದ್ದು. ಬರಿಗಾಲು ಮರಗಟ್ಟಿತ್ತು. ಬೆರಳು ನೆಕ್ಕಿದರೆ ಹಲ್ಲು ಚುಳ್ ಅನ್ನುವ ಹುಳಿ. ನನ್ನ ಬಾಲ್ಯದ ಸಾಹಸ ಅಂತೇನಾದರೂ ಇದ್ದರೆ ಅದೇ. ಪ್ರಬಂಧಕ್ಕೆ ಅದು ಬಂದಿರಲಿಲ್ಲ, ಯಾಕೆಂದರೆ ಅದು ನಾನು ಓದಿದ್ದ ಯಾವ ಪ್ರಬಂಧದಲ್ಲೂ ಇರಲಿಲ್ಲ. ನಾನು ನನ್ನ ಬಾಲ್ಯವನ್ನು ಬರೆದಿರಲಿಲ್ಲ. ಬೇರೆಯವರ ಬಾಲ್ಯದಿಂದ ಸಾಮಾನು ಕಡ ತಂದು ನನ್ನ ಹೊಲದಲ್ಲಿ ಜೋಡಿಸಿದ್ದೆ.

‘ಹಳ್ಳಿಯ ಚಿತ್ರಗಳು’, ‘ಮಲೆನಾಡಿನ ಚಿತ್ರಗಳು’ ಬಂದ ಕಾಲಕ್ಕೆ ಹೊಲ, ಹೊಳೆ, ಕಾಡಿನ ತಿರುಗಾಟ ಗದ್ಯಕ್ಕೆ ವಸ್ತುವಾಗಬಹುದು ಅನ್ನುವುದೇ ಹೊಸತಾಗಿತ್ತು. ಗೊರೂರರ ಹಳ್ಳಿ ಗೊರೂರರದು, ಕುವೆಂಪು ಅವರ ಮಲೆನಾಡು ಅವರದೇ. ಅವರ ಮೇಲೆ ನನಗೆ ಜಗಳವಿಲ್ಲ. ಜಗಳ ಅವರ ನಂತರ ಅಚ್ಚು ಹಿಡಿದುಕೊಂಡು ಕೂತ ನಮ್ಮ ಮೇಲೆ. ಕನ್ನಡದ ವಾಕ್ಯಕ್ಕೆ ಒಂದು ಅನುಕೂಲವಿದೆ: ಮಾಡಿದವರ ಹೆಸರು ಹೇಳದೆ ಕೆಲಸ ಮುಗಿಸಬಹುದು. ‘ಅಡುಗೆ ಆಗಿತ್ತು.’ ‘ಬುತ್ತಿ ಸಿದ್ಧವಾಗಿತ್ತು.’ ‘ಊಟ ಮುಗಿಯಿತು.’ ಈ ಮೂರು ವಾಕ್ಯಗಳಲ್ಲಿ ಒಬ್ಬ ಮನುಷ್ಯಳೂ ಇಲ್ಲ. ವಿಹಾರದ ಪ್ರಬಂಧಗಳನ್ನು ತೆಗೆದು ನೋಡಿ, ಎತ್ತಿಗೂ ಹೆಸರಿರುತ್ತದೆ, ರೊಟ್ಟಿ ಮಾತ್ರ ತಾನೇ ಬೆಂದಿರುತ್ತದೆ.

ಒಂದು ವಿಚಾರ ಸಂಕಿರಣದ ಚಹಾ ವಿರಾಮದಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು ಪ್ರೀತಿಯಿಂದಲೇ ಗದರಿದರು. “ಎಲ್ಲದರಲ್ಲೂ ಶೋಷಣೆ ಹುಡುಕಬಾರದಮ್ಮ. ಲಲಿತ ಪ್ರಬಂಧ ಹಗುರವಾಗಿರಬೇಕು.” ಹಗುರವಾಗಿರಬೇಕು, ಒಪ್ಪಿದೆ. ಬುಟ್ಟಿ ಇನ್ನೊಬ್ಬರ ತಲೆಯ ಮೇಲಿದ್ದಾಗ ನಡಿಗೆ ಹಗುರವಾಗಿಯೇ ಇರುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ದೇಶದ ಜನ ದಿನದ ಸಮಯವನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮಾಡುವ ಗಂಡಸರು 97 ನಿಮಿಷ. ಆ ‘ಮಾಡುವ ಗಂಡಸರು’ ನೂರಕ್ಕೆ ಸುಮಾರು 26 ಮಂದಿ ಮಾತ್ರ. ಹಬ್ಬದ ದಿನ ಈ ಲೆಕ್ಕ ಯಾವ ಕಡೆ ವಾಲುತ್ತದೆ ಎಂದು ತಿಳಿಯಲು ಸಮೀಕ್ಷೆ ಬೇಕಿಲ್ಲ, ನಮ್ಮ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಸಾಕು.

ಇನ್ನು ಮೊಬೈಲಿನ ಮಾತು. ಚಳಿಗಾಲದ ಬಯಲಾಟ ಹೋದದ್ದಕ್ಕೆ ಕೈಯೊಳಗಿನ ಫೋನನ್ನು ದೂರುವುದು ಸೋಮಾರಿತನ. ನಮ್ಮೂರಲ್ಲಿ ಸೀತನಿ ಕಡಿಮೆಯಾದದ್ದು ಜೋಳ ಕಡಿಮೆಯಾದ್ದರಿಂದ. ಹಿಂಗಾರಿ ಜೋಳ ಮಳೆ ನಿಂತ ಮೇಲೆ ಎರೆಮಣ್ಣಿನಲ್ಲಿ ಉಳಿದ ಹಸಿಯನ್ನೇ ನಂಬಿ ಚಳಿಗೆ ಬೆಳೆಯುವ ಬೆಳೆ. ಬಿತ್ತುವುದು ಸುಲಭ, ಮುಂದಿನದು ಕಷ್ಟ. ಬುಡಸಮೇತ ಕೀಳಬೇಕು, ಸೂಡು ಕಟ್ಟಬೇಕು, ಗೂಡು ಹಾಕಬೇಕು, ತೆನೆ ಮುರಿಯಬೇಕು, ರಾಶಿ ಮಾಡಬೇಕು. ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಗಿಟ್ಟುವುದಿಲ್ಲ. ಕೃಷ್ಣೆಯ ಕಾಲುವೆ ನೀರು ಬಂದ ಕಡೆ ಕಬ್ಬು ಬಂತು, ದುಡ್ಡಿದ್ದವರಿಗೆ ದ್ರಾಕ್ಷಿ ಬಂತು, ಉಳಿದವರಿಗೆ ತೊಗರಿ. ಸುತ್ತ ಕಬ್ಬಿದ್ದು ನಡುವೆ ಒಬ್ಬನೇ ಜೋಳ ಹಾಕಿದರೆ ಇಡೀ ಸೀಮೆಯ ಹಕ್ಕಿಗಳು ಅವನೊಬ್ಬನ ಮೇಲೇ ಇಳಿಯುತ್ತವೆ. ಮರುವರ್ಷ ಅವನೂ ಬಿಡುತ್ತಾನೆ. ಹೀಗೆ ಒಂದು ಬೆಳೆ ಹೋದಾಗ ಅದರ ಜೊತೆ ಅಟ್ಟ ಹೋಗುತ್ತದೆ, ಕವಣೆ ಹೋಗುತ್ತದೆ, ಕವಣೆ ಬೀಸುವ ಪಂದ್ಯ ಹೋಗುತ್ತದೆ. ಕಬ್ಬಿನ ಗದ್ದೆಯಲ್ಲಿ ಮಕ್ಕಳನ್ನು ಆಡಲು ಬಿಡುವ ತಾಯಿಯನ್ನು ನಾನು ಕಂಡಿಲ್ಲ. ದ್ರಾಕ್ಷಿ ಪಡಕಿನ ಕೆಳಗೆ ಔಷಧಿ ಹೊಡೆದ ವಾಸನೆ. ಎಲ್ಲಿ ಆಡಬೇಕು ಅವರು?

ಹಾಗೆ ನೋಡಿದರೆ, ಚಳಿಗಾಲವಿಡೀ ಕುಟುಂಬ ಸಮೇತ ಬಯಲಲ್ಲೇ ಇರುವವರು ಈಗಲೂ ಇದ್ದಾರೆ. ಬೀಡ್ ಜಿಲ್ಲೆಯಿಂದ, ನಮ್ಮದೇ ಜಿಲ್ಲೆಯ ತಾಂಡಾಗಳಿಂದ ಕಬ್ಬು ಕಡಿಯಲು ಹೋಗುವವರು. ದೀಪಾವಳಿಯ ಹೊತ್ತಿಗೆ ಮಕ್ಕಳು, ಕೋಳಿ, ಪಾತ್ರೆ, ಹಾಸಿಗೆ ಸಮೇತ ಹೊರಟರೆ ಬೇಸಿಗೆ ಬರುವವರೆಗೂ ಕಬ್ಬಿನ ರವದಿ ಹೊದಿಸಿದ ಗುಡಿಸಲಲ್ಲಿ ವಾಸ. ಗಂಡ ಹೆಂಡತಿ ಸೇರಿದರೆ ಲೆಕ್ಕಕ್ಕೆ ಒಂದು ‘ಕೋಯ್ತಾ’, ಅಂದರೆ ಒಂದು ಕುಡಗೋಲು. ಮುಂಗಡ ಕೊಡುವುದು ಆ ಜೋಡಿಗೆ. ನಸುಕಿನ ಚಳಿ, ರವದಿಗೆ ಬೆಂಕಿ ಹಾಕಿ ಕಾಯಿಸಿಕೊಳ್ಳುವುದು, ತೆರೆದ ಆಕಾಶದ ಕೆಳಗೆ ಊಟ, ಕಬ್ಬು ತಿನ್ನುವ ಮಕ್ಕಳು. ನಮ್ಮ ಪ್ರಬಂಧದ ಎಲ್ಲ ಸಾಮಗ್ರಿಯೂ ಅಲ್ಲಿದೆ. ಆದರೂ ಅದನ್ನು ಮಾಗಿಯ ಸೊಬಗು ಎಂದು ಯಾರೂ ಬರೆಯುವುದಿಲ್ಲ. ಬರೆಯಬಾರದು ಕೂಡ. ನಾನು ಕೇಳುತ್ತಿರುವುದು ಇಷ್ಟೇ: ಅದೇ ಚಳಿ, ಅದೇ ಬೆಂಕಿ, ಅದೇ ಬಯಲು ಒಂದು ಕಡೆ ವಿಹಾರ, ಇನ್ನೊಂದು ಕಡೆ ವಲಸೆ. ನಡುವಿನ ಗೆರೆ ಹಾಕಿದ್ದು ಮೊಬೈಲೇ?

ಮಕ್ಕಳ ರಜೆಯ ವಿಷಯವೂ ಇದೆ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ ದೊಡ್ಡ ರಜೆ ಎರಡು, ದಸರೆಗೆ ಒಂದು, ಏಪ್ರಿಲ್–ಮೇ ತಿಂಗಳಲ್ಲಿ ಒಂದು. ವಿಜಯಪುರ, ಕಲಬುರಗಿಯ ಕಡೆ ಏಪ್ರಿಲ್ ಬಂತೆಂದರೆ ಬಿಸಿಲಿಗೆ ಹೆದರಿ ಸರ್ಕಾರಿ ಕಚೇರಿಗಳೇ ಬೆಳಗಿನ ಹೊತ್ತಿಗೆ ಬದಲಾಗುತ್ತವೆ. ಆಗ ಮಕ್ಕಳಿಗೆ ಬಿಡುವು, ಹೊರಗೆ ಕಾಲಿಟ್ಟರೆ ಹಂಚಿನ ಮೇಲೆ ಇಟ್ಟಂತೆ. ಹೊಲ ಹಸಿರಾಗಿರುವ, ಬಿಸಿಲು ಹಿತವಾಗಿರುವ, ಕಡಲೆ ಗಿಡದಲ್ಲಿ ಕಾಯಿ ತುಂಬುವ ಡಿಸೆಂಬರ್ ಜನವರಿಯಲ್ಲಿ ಅವರು ತರಗತಿಯೊಳಗೆ. ಬೇಸಿಗೆಯಲ್ಲಿ ಶಾಲೆ ನಡೆಸಲಾಗದು, ನಿಜ. ಆದರೆ ಎಳ್ಳ ಅಮಾವಾಸ್ಯೆಯಿಂದ ಸಂಕ್ರಾಂತಿಯ ನಡುವೆ ನಮ್ಮ ಭಾಗದ ಶಾಲೆಗಳಿಗೆ ಒಂದು ವಾರ ಬಿಡುವು ಕೊಟ್ಟು, ಅದನ್ನು ಬೇರೆ ಕಡೆ ಸರಿದೂಗಿಸಲು ಏನಡ್ಡಿ? ಇಂದಿನ ಮಕ್ಕಳು ಎಂದು ಮರುಗುವ ಲೇಖಕರಲ್ಲಿ ಮೇಷ್ಟರುಗಳೇ ಹೆಚ್ಚು. ಅವರಲ್ಲಿ ಒಬ್ಬರಾದರೂ ಈ ಬೇಡಿಕೆ ಇಟ್ಟದ್ದನ್ನು ನಾನು ಓದಿಲ್ಲ.

ನಾವು ನಿಟ್ಟುಸಿರು ಬಿಡುತ್ತ ಕೂತಾಗ ಮಾರುಕಟ್ಟೆ ಕೈಕಟ್ಟಿ ಕೂತಿಲ್ಲ. ಮಹಾರಾಷ್ಟ್ರದಲ್ಲಿ ‘ಹುರಡಾ ಪಾರ್ಟಿ’ ಎಂದು ಹೊಲದ ವಿಹಾರ ಆಗಲೇ ದೊಡ್ಡ ವ್ಯಾಪಾರ, ನಮ್ಮಲ್ಲೂ ಸೀತನಿ ಪಾರ್ಟಿಗಳು ಶುರುವಾಗಿವೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲಂತೂ ಜೋಳಕ್ಕೆ ಹೊಸ ಮರ್ಯಾದೆ. ಕಳೆದ ಜನವರಿಯಲ್ಲಿ ಗೆಳತಿಯರ ಜೊತೆ ಅಂಥದೊಂದು ತೋಟಕ್ಕೆ ಹೋಗಿದ್ದೆ. ಚಕ್ಕಡಿ ಸವಾರಿ ಇತ್ತು, ಜೋಕಾಲಿ ಇತ್ತು, ಬಿಸಿ ಸೀತನಿ ಇತ್ತು. ಒಂದು ಮೂಲೆಯಲ್ಲಿ ಒಲೆ ಹೂಡಿ ಇಬ್ಬರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಬಂದವರೆಲ್ಲ ಅವರ ಫೋಟೊ ತೆಗೆದುಕೊಳ್ಳುತ್ತಿದ್ದರು. ಅವರಿಗೆ ಆ ದಿನಕ್ಕೆ ಕೂಲಿ ಇತ್ತು ಅನ್ನುವುದು ನನಗೆ ಒಂದು ರೀತಿಯ ಸಮಾಧಾನ. ನಮ್ಮ ಪ್ರಬಂಧದ ಅವ್ವಂದಿರಿಗೆ ಅದೂ ಇರಲಿಲ್ಲ.

ಕುಟುಂಬದ ವಿಹಾರ ಬೇಡ ಎಂದು ನಾನು ಹೇಳುತ್ತಿಲ್ಲ. ನನಗೆ ಬೇಕು. ಎಷ್ಟು ಬೇಕೆಂದರೆ ಅದನ್ನು ನೆನಪಿಗೆ ಒಪ್ಪಿಸಿ ಕೈ ತೊಳೆದುಕೊಳ್ಳಲು ಮನಸ್ಸಿಲ್ಲ. ಅದಕ್ಕೇ ಈ ಸಲದ ಅಮಾವಾಸ್ಯೆಗೆ ಎರಡು ದಿನ ಮೊದಲೇ ಊರಿಗೆ ಹೋದೆ. ಪುಣೆಯಲ್ಲಿ ಕೆಲಸ ಮಾಡುವ ತಮ್ಮನಿಗೂ ತಾಕೀತು ಮಾಡಿ ಕರೆಸಿದೆ. ನಾಲ್ಕೆಕರೆಯಲ್ಲಿ ಈಗ ಜೋಳ ಅರ್ಧ ಎಕರೆ, ಅದೂ ಎರಡು ಎಮ್ಮೆಗಳಿಗೆ ಕಣಕಿ ಬೇಕೆಂದು. ರೊಟ್ಟಿ ನಾವಿಬ್ಬರೂ ಬಡಿದೆವು. ನನ್ನವು ಒಂದೂ ದುಂಡಗೆ ಬರಲಿಲ್ಲ, ತಮ್ಮನವು ಹಂಚಿಗೆ ಹೋಗುವ ಮೊದಲೇ ಹರಿದವು. ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹಿಟ್ಟು ಹಾಳಾಗುತ್ತಿರುವುದನ್ನು ಸಂಕಟದಿಂದ ನೋಡಿದಳು. ಎರಡು ಸಲ ಒಳಗೆ ಬಂದು ಲಟ್ಟಣಿಗೆ ಕೊಟ್ಟು, ಇದರಲ್ಲಾದರೂ ಮಾಡ್ರಿ ಎಂದು ಹೋದಳು. ಚಕ್ಕಡಿ ಇಲ್ಲ, ದೊಡ್ಡಪ್ಪನ ಮಗನ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಬುಟ್ಟಿಗಳ ಜೊತೆ ಅವಳನ್ನೂ ದೊಡ್ಡವ್ವನನ್ನೂ ಕೂರಿಸಿದೆವು.

ಸಂಜೆ ಅಪ್ಪ ಸೀತನಿ ಸುಟ್ಟ. ಮೊದಲ ತೆನೆಯನ್ನು ತಿಕ್ಕಿ, ಕಾಳು ಊದಿ, ಅವ್ವನ ಕೈಗೆ ಹಾಕಿದ. ನಾನು ಹೇಳಿಕೊಟ್ಟಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಅವಳು ಎರಡು ಮುಕ್ಕು ತಿಂದು, “ಬಾಳ ಸುಟ್ಟೀರಿ” ಅಂದಳು. ಸ್ವಲ್ಪ ಹೊತ್ತಿಗೆ ಬಾವಿಯ ಕಡೆ ಕತ್ತು ಚಾಚಿ, “ಭಾಂಡೆ ಯಾರು ತಿಕ್ಕಾಕತ್ತಾರ?” ಅಂದಳು. ತಮ್ಮ ಎಂದೆ. “ತಳ ತಿಕ್ಕವಲ್ಲ ಅಂವ” ಎಂದು ಎದ್ದೇಬಿಟ್ಟಳು. ಸೆರಗು ಹಿಡಿದು ಕೂರಿಸಿದೆ. ಮತ್ತೆ ಏಳಲು ನೋಡಿದಳು, ಮತ್ತೆ ಕೂರಿಸಿದೆ. ಅಷ್ಟರಲ್ಲಿ ಪಕ್ಕದ ಹೊಲದಿಂದ, ಹಿಂದೆ ಹತ್ತಿ ಬಿಡಿಸಲು ಇವಳ ಜೊತೆ ಬರುತ್ತಿದ್ದ ಮುದುಕಿಯೊಬ್ಬಳು ಬದು ದಾಟಿ ಬಂದು ಬೆಂಕಿಯ ಹತ್ತಿರ ಕೂತಳು. ಅವ್ವ ತನ್ನ ಕೈಯೊಳಗಿನ ಕಾಳಿನಲ್ಲಿ ಅರ್ಧ ಅವಳಿಗೆ ಕೊಟ್ಟಳು. ಕೆಂಡ ಕೆದಕಲು ಅಪ್ಪ ಆಚೆ ಈಚೆ ಓಡಾಡುತ್ತಿದ್ದ. ಅವನ ನಡಿಗೆಯನ್ನೇ ನೋಡುತ್ತ ಇಬ್ಬರೂ ಒಬ್ಬರ ಕಿವಿಯಲ್ಲಿ ಒಬ್ಬರು ಏನೋ ಹೇಳಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಏನು ಎಂದು ಕೇಳಿದೆ. ಹೇಳಲಿಲ್ಲ.